ಮುಂದಿನ ಚಕ್ರದ ಬಳಿ ‘ಟಕ್ ಟಕ್’: ಶಾಕ್ ಬದಲಿಸುವ ಮುನ್ನ ಇಷ್ಟು ನೋಡಿ

ಗುಂಡಿ ಬಿದ್ದ ಡಾಂಬರು, ದೇವಿಮನೆ ಘಟ್ಟದ ತಿರುವುಗಳು, ತೋಟದ ಮನೆಗೆ ಇಳಿಯುವ ಚಿರೇಕಲ್ಲಿನ ದಾರಿ ಎಲ್ಲ ಸೇರಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಎಸ್‌ಯುವಿಯ ಮುಂಭಾಗವನ್ನು ಚೆನ್ನಾಗಿಯೇ ಕುಟ್ಟಿರುತ್ತವೆ. ‘ಮುಂದೆ ಏನೋ ಸದ್ದು’ ಅಂದರೆ ಸಾಕು, ‘ಶಾಕ್ ಹೋಗಿದೆ ಸಾರ್, ಎರಡೂ ಹಾಕ್ಬೇಕು’ ಎಂಬ ಉತ್ತರ ಎಷ್ಟೋ ಕಡೆ ಸಿದ್ಧವಿರುತ್ತದೆ. ಶಾಕ್ (ಗುಂಡಿಯ ಕುಲುಕಾಟ ಅಡಗಿಸುವ ಶಾಕ್ ಅಬ್ಸಾರ್ಬರ್) ಹಾಳಾಗುವುದೇ ಇಲ್ಲ ಅಂತಲ್ಲ. ಆದರೆ ಸಣ್ಣ ಗುಂಡಿಗೂ ಟಕ್ ಟಕ್ ಅನ್ನುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಲಿಂಕ್ ರಾಡನ್ನು (ಜಂಪಿಂಗ್ ರಾಡನ್ನು ಚಕ್ರದ ಬದಿಗೆ ಜೋಡಿಸುವ ಸಣ್ಣ ಸರಳು), ಆಮೇಲೆ ಬುಶ್‌ಗಳನ್ನು (ಲೋಹದ ಭಾಗಗಳು ಸೇರುವಲ್ಲಿ ಕೂರುವ ರಬ್ಬರ್ ತುಂಡುಗಳು). ಜಂಪಿಂಗ್ ರಾಡ್ ಅಂದರೆ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಅಡ್ಡ ಸರಳು. ಇವುಗಳ ಖರ್ಚು ಒಂದು ಜೊತೆ ಶಾಕ್‌ನ ಮುಂದೆ ಏನೂ ಅಲ್ಲ.

ಮೊದಲು ಗಾಡಿ ಖಾಲಿ ಮಾಡಿ. ಜ್ಯಾಕ್, ಪಾನಾ, ಸೀಟಿನಡಿ ಉರುಳುವ ನೀರಿನ ಬಾಟಲಿ ಎಲ್ಲ ಹೊರಗೆ. ಎಂಜಿನ್ ಕೆಳಗಿನ ಗಾರ್ಡಿನ ಬೋಲ್ಟು, ನಂಬರ್ ಪ್ಲೇಟು ಸಡಿಲವಿದೆಯೇ ಎಂದು ಕೈಯಿಂದ ಅಲ್ಲಾಡಿಸಿ. ನಗಬೇಡಿ, ಕೆಲವು ‘ಸಸ್ಪೆನ್ಷನ್ ಸದ್ದು’ ಇಲ್ಲಿಗೇ ಮುಗಿಯುತ್ತವೆ.

ಇನ್ನು ಕಿವಿಯ ಕೆಲಸ. ಪಕ್ಕದಲ್ಲಿ ಪಾಗಾರ ಇರುವ, ಜನ ಓಡಾಡದ ಕೆಟ್ಟ ರಸ್ತೆ ಆರಿಸಿ. ಎಸಿ, ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ, ಗಂಟೆಗೆ 15–20 ಕಿ.ಮೀ. ವೇಗದಲ್ಲಿ ಇನ್ನೊಬ್ಬರಿಂದ ಓಡಿಸಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದಿನಿಂದ ಅದು ಯಾವ ಬದಿಯದೆಂದು ತಿಳಿಯುತ್ತದೆ. ಸದ್ದು ಬರುತ್ತಿರುವಾಗಲೇ ಬ್ರೇಕನ್ನು ಹಗುರವಾಗಿ ಒತ್ತಿಸಿ. ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ ಸಡಿಲವಾಗಿರಬಹುದು, ಸಸ್ಪೆನ್ಷನ್ ಬಿಚ್ಚುವ ಮುನ್ನ ಅದನ್ನು ನೋಡಿಸಿ. ವೇಗದ ಜೊತೆಗೆ ಏರುವ ‘ಗುಂಯ್’ ಚಕ್ರದ ಬೇರಿಂಗಿನದ್ದಾಗಿರಬಹುದು, ಸವೆದ ಟೈರಿನದ್ದೂ ಆಗಿರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಎಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿದೆಯೇ ಎಂದು ಬಗ್ಗಿ ನೋಡಿದರೆ ಸಾಕು. ಹಂಪ್ ಹತ್ತಿಳಿಯುವಾಗ ಕಿರ್‌ಗುಟ್ಟಿದರೆ ಬುಶ್.

ನಿಂತಲ್ಲೇ ಮಾಡುವ ಎರಡು ಪರೀಕ್ಷೆಗಳಿವೆ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಲಿ. ನೀವು ಬಾನೆಟ್ ತೆಗೆದು ಶಾಕ್‌ನ ಮೇಲ್ತುದಿಯ ಮೌಂಟಿನ ಮೇಲೆ ಅಂಗೈ ಇಡಿ. ಸ್ಪ್ರಿಂಗ್ ಬಿಗಿದು ತಟ್ಟನೆ ಬಿಟ್ಟ ಹಾಗೆ ಕೈಗೆ ಹೊಡೆದರೆ ಮೌಂಟಿನ ಬೇರಿಂಗ್ ಹೋಗಿದೆ. ಕಿರ್‌ಗುಟ್ಟುವ ಗಾಡಿಗಾದರೆ ಒಂದೊಂದೇ ಬುಶ್‌ಗೆ ನೀರು ಚಿಮುಕಿಸಿ ಬಾನೆಟ್ ಮೇಲೆ ಭಾರ ಹಾಕಿ ಕುಲುಕಿಸಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗಿತೋ ಅದೇ ಕಳ್ಳ. ಡೀಸೆಲ್, ಆಯಿಲ್ ಮಾತ್ರ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ವಾಟರ್ ಸರ್ವಿಸ್ ಮುಗಿಸಿ ಅಡಿಗೆಲ್ಲ ಡೀಸೆಲ್ ಹೊಡೆಯುವ ರೂಢಿ ಕೆಲವೆಡೆ ಇದೆ. ಅದನ್ನು ಬೇಡವೆನ್ನಲು ಸಂಕೋಚಪಡಬೇಕಿಲ್ಲ.

ಲಿಂಕ್ ರಾಡ್ ನೋಡುವಾಗ ಬಹಳ ಮಂದಿ ಎಡವುವುದು ಒಂದೇ ಚಕ್ರ ಎತ್ತಿ. ಹಾಗೆ ಎತ್ತಿದರೆ ಜಂಪಿಂಗ್ ರಾಡ್ ತಿರುಚಿಕೊಂಡು ಲಿಂಕ್ ಬಿಗಿಯಾಗುತ್ತದೆ, ಇರುವ ಪ್ಲೇ (ಸಡಿಲದ ಅಲ್ಲಾಟ) ಕಾಣಿಸುವುದೇ ಇಲ್ಲ. ಎರಡೂ ಚಕ್ರ ನೆಲದ ಮೇಲಿರಲಿ, ಇಲ್ಲವೇ ಎರಡನ್ನೂ ಸಮನಾಗಿ ಎತ್ತಿ. ಲಿಂಕನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಟಕ್ ಎಂದು ಕೈಗೆ ತಿಳಿದರೆ ಮುಗಿಯಿತು.

ಆಮೇಲೆ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂಭಾಗ ಎತ್ತಿ. ಸ್ಟ್ಯಾಂಡ್ ಇಡದೆ ಜ್ಯಾಕೊಂದನ್ನೇ ನಂಬಿ ಅಡಿಗೆ ನುಗ್ಗುವುದು ಬೇಡವೇ ಬೇಡ. ಚಕ್ರದ ಮೇಲೆ-ಕೆಳಗೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಒಬ್ಬರಿಂದ ಬ್ರೇಕ್ ತುಳಿಸಿ ಮತ್ತೆ ಅಲ್ಲಾಡಿಸಿ. ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ನಿನ ತೋಳಿಗೆ ಹಿಡಿದಿಡುವ ಗುಂಡು ಕೀಲು). 9 ಮತ್ತು 3ರಲ್ಲಿ ಹಿಡಿದಾಗ ಮಾತ್ರ ಅಲ್ಲಾಡಿದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕಡೆ ನೋಡಿ. ಬಾಲ್ ಜಾಯಿಂಟ್ ಪ್ಲೇ ಬಂದ ಗಾಡಿಯಲ್ಲಿ ಅರಬೈಲ್ ಘಟ್ಟ ಇಳಿಯುವ ಸಾಹಸ ಬೇಡ. ಅದು ಕಳಚಿದರೆ ಚಕ್ರ ಮುರಿದು ಹೊರಕ್ಕೆ ವಾಲುತ್ತದೆ. ಇನ್ನು ಶಾಕ್: ಅದರ ಮೈ ಆಯಿಲ್‌ನಿಂದ ಒದ್ದೆಯಾಗಿ ಇಳಿದಿದ್ದರೆ, ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಿದ್ದರೆ, ಆಗ ಗ್ಯಾರೇಜಿನವರು ಹೇಳಿದ್ದು ಸರಿ. ಎರಡೂ ಬದಿ ಒಟ್ಟಿಗೆ ಹಾಕಿಸಿ.

ಮನೆಯಂಗಳದಲ್ಲೇ ಮಾಡಬಹುದಾದ ಕೆಲಸ ಲಿಂಕ್ ರಾಡ್. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಗೆ ಅದರ ನಟ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ಸಂಜೆಯೇ ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇಯನ್ನು ರಬ್ಬರಿಗೆ ತಾಗದಂತೆ ಹೊಡೆದಿಡಿ. ಹೆಚ್ಚಿನ ಲಿಂಕ್‌ಗಳಲ್ಲಿ ನಟ್ ತಿರುಗಿಸಿದರೆ ಒಳಗಿನ ಸ್ಟಡ್ಡೂ ಜೊತೆಗೇ ತಿರುಗುತ್ತದೆ. ಸ್ಟಡ್ಡಿನ ತುದಿಯ ಆರು ಮೂಲೆಯ ತೂತಿನ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆದು, ಅಲೆನ್ ಕೀಯನ್ನು ತಳ ಮುಟ್ಟುವಷ್ಟು ಒಳಗೆ ಕೂರಿಸಿ ಹಿಡಿದುಕೊಂಡು ರಿಂಗ್ ಪಾನಾದಿಂದ ನಟ್ ಬಿಚ್ಚಿ. ಅರೆಬರೆ ಕೂರಿಸಿದರೆ ಮೂಲೆಗಳು ಸವೆದು, ಕೊನೆಗೆ ಗ್ರೈಂಡರ್ ಹಿಡಿಯಬೇಕಾಗುತ್ತದೆ. ಹೊಸದನ್ನು ಹೊಸ ನಟ್‌ನೊಂದಿಗೆ ಹಾಕಿ, ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿಯಿರಿ.

ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಶ್ ಬದಲಾವಣೆ ಗ್ಯಾರೇಜಿನಲ್ಲೇ ಆಗಲಿ, ಅದನ್ನು ಒತ್ತಿ ಕೂರಿಸಲು ಪ್ರೆಸ್ ಯಂತ್ರ ಬೇಕು. ಆದರೆ ಪಕ್ಕದಲ್ಲಿ ನಿಂತು ಒಂದು ಮಾತು ಹೇಳಿ: ಬುಶ್ಶಿನ ಬೋಲ್ಟನ್ನು ಕೊನೆಯ ಬಿಗಿ ಹಾಕಬೇಕಾದ್ದು ಗಾಡಿ ಚಕ್ರದ ಮೇಲೆ ನಿಂತಾಗ. ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಹೊಸ ಬುಶ್ ಬೇಗ ಹರಿಯುತ್ತದೆ. ಶಾಕ್‌ನ ಮೇಲ್ತುದಿಯ ನಡುವಿನ ನಟ್ ಅನ್ನು ಮನೆಯಲ್ಲಿ ಮುಟ್ಟಲೇಬೇಡಿ. ಒತ್ತಿ ಕೂತ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ಆರ್ಮ್, ಶಾಕ್, ಟೈ ರಾಡ್ ಯಾವುದನ್ನು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬರೀ ಲಿಂಕ್ ರಾಡ್ ಬದಲಿಸಿದ್ದಕ್ಕೆ ಅದು ಬೇಕಿಲ್ಲ, ಬೇಕೆಂದು ಬಿಲ್ ಮಾಡಿದರೆ ಯಾಕೆಂದು ಕೇಳಿ.