ಹಲ್ಲಿನ ಕುರ್ಚಿಯ ಭಯ: ಮಂಪರು ಕೊಡುತ್ತಾ ನಾನು ಕಲಿತದ್ದು

"ನಿದ್ದೆ ಬರಿಸಿಬಿಡಿ ಡಾಕ್ಟ್ರೇ. ಕಣ್ಣು ಬಿಟ್ಟಾಗ ಎಲ್ಲಾ ಮುಗಿದಿರಬೇಕು."

ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೀಗೆ ಹೇಳುವವರು ಬರುತ್ತಲೇ ಇರುತ್ತಾರೆ. ಹಲ್ಲಿನ ಡಾಕ್ಟರಾದ ಹೊಸದರಲ್ಲಿ ನಾನು ತಕ್ಷಣ ಯಾವ ಔಷಧಿ, ಎಷ್ಟು ಅಂತ ಲೆಕ್ಕ ಹಾಕಲು ಶುರುಮಾಡುತ್ತಿದ್ದೆ. ಈಗ ಮೊದಲು ಒಂದು ಮಾತು ಕೇಳುತ್ತೇನೆ: "ನಿಮಗೆ ಯಾವುದರ ಭಯ?"

ಒಬ್ಬರಿಗೆ ಸೂಜಿ. ಇನ್ನೊಬ್ಬರಿಗೆ ಡ್ರಿಲ್ಲಿನ ಸದ್ದು. ಕೆಲವರಿಗೆ ಬಾಯಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟಿದ ಹಾಗಾಗುತ್ತದೆ. ಬಹಳ ಜನರ ಹಿಂದೆ ಒಂದು ಹಳೆಯ ಕಥೆ ಇರುತ್ತದೆ. ಚಿಕ್ಕವರಿದ್ದಾಗ ಸರಿಯಾಗಿ ಮರಗಟ್ಟುವ ಮೊದಲೇ ಯಾರೋ ಹಲ್ಲು ಕಿತ್ತಿರುತ್ತಾರೆ. ಇಂಥವರಿಗೆ ಎಷ್ಟೋ ಸಲ ಮಂಪರಿನ ಮದ್ದೇ ಬೇಕಾಗುವುದಿಲ್ಲ. ವಸಡಿಗೆ ಜೆಲ್ ಹಚ್ಚಿ, ಇಂಜೆಕ್ಷನ್ ನಿಧಾನವಾಗಿ ಕೊಟ್ಟು, ಪೂರ್ತಿ ಮರಗಟ್ಟಿದೆಯಾ ಅಂತ ಮುಟ್ಟಿ ನೋಡಿದ ಮೇಲೇ ಕೆಲಸಕ್ಕೆ ಇಳಿದರೆ ಸಾಕು. "ಎಡಗೈ ಎತ್ತಿ, ನಿಲ್ಲಿಸುತ್ತೇನೆ" ಅಂತಲೂ ಹೇಳಿರುತ್ತೇನೆ. ಮೊದಲ ಸಲ ಸುಮ್ನೆ ನನ್ನನ್ನು ಪರೀಕ್ಷೆ ಮಾಡಲೆಂದೇ ಕೈ ಎತ್ತುತ್ತಾರೆ. ಆಗ ನಿಲ್ಲಿಸಲೇಬೇಕು.

ಭಯ ಅಳೆಯಲು ಐದು ಪ್ರಶ್ನೆಗಳ ಒಂದು ಚೀಟಿಯೂ ಇದೆ. ಕಡಿಮೆ ಅಂದರೆ 5 ಅಂಕ, ಜಾಸ್ತಿ ಅಂದರೆ 25. 19 ಅಥವಾ ಅದಕ್ಕಿಂತ ಮೇಲೆ ಬಂದರೆ ಭಯ ತೀವ್ರವಾಗಿದೆ ಎಂದರ್ಥ. ಬಾಯಿಬಿಟ್ಟು "ಹೆದರಿಕೆ" ಅನ್ನಲು ನಾಚುವ ದೊಡ್ಡವರು ಚೀಟಿಯಲ್ಲಿ ನಿಜ ಬರೆಯುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸುತ್ತೇನೆ. ಮಂಪರು ಮುಖ್ಯವಾಗಿ ಭಯವನ್ನು ತಗ್ಗಿಸುತ್ತದೆ, ನೋವಿಗೆ ಅದೊಂದನ್ನೇ ನೆಚ್ಚುವಂತಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಹೇಗೂ ಬೇಕು. ಮಂಪರಿನಲ್ಲಿದ್ದರೆ ಅದು ಚುಚ್ಚಿದ್ದು ಅಷ್ಟಾಗಿ ಬಾಧಿಸುವುದಿಲ್ಲ, ಅಷ್ಟೇ.

ನನ್ನ ಮೊದಲ ಆಯ್ಕೆ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಇದಕ್ಕೂ ನಮ್ಮ ಕಸುಬಿಗೂ ಹಳೇ ನಂಟು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು ಈ ಗ್ಯಾಸಿನ ಮೋಜಿನ ಪ್ರದರ್ಶನ ನೋಡಲು ಹೋಗಿದ್ದರು. ಗ್ಯಾಸ್ ಎಳೆದುಕೊಂಡವನೊಬ್ಬನ ಕಾಲಿಗೆ ಪೆಟ್ಟಾಯಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಮಾರನೇ ದಿನವೇ ವೆಲ್ಸ್ ತಾವೇ ಗ್ಯಾಸ್ ಎಳೆದುಕೊಂಡು ತಮ್ಮದೇ ಹಲ್ಲು ಕೀಳಿಸಿಕೊಂಡರು. ಕುರ್ಚಿಯಲ್ಲಿ ತಾವೇ ಮೊದಲು ಕೂತರಲ್ಲ, ಅದು ನನಗೆ ಇಷ್ಟ.

ಈಗ ಇದನ್ನು ಮೂಗಿನ ಮೇಲೆ ಕೂರುವ ಸಣ್ಣ ಮಾಸ್ಕಿನಿಂದ ಕೊಡುತ್ತೇವೆ. ಮೊದಲು ಬರೀ ಆಕ್ಸಿಜನ್. ಆಮೇಲೆ ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತೇನೆ. ನನ್ನಲ್ಲಿ ಹೆಚ್ಚಿನವರಿಗೆ 30ರಿಂದ 40 ಪರ್ಸೆಂಟ್ ಸಾಕಾಗಿದೆ. ಯಂತ್ರವಂತೂ ಆಕ್ಸಿಜನ್ 30 ಪರ್ಸೆಂಟಿಗಿಂತ ಕೆಳಗೆ ಇಳಿಯಲು ಬಿಡುವುದೇ ಇಲ್ಲ. ನಾನು ಮೀಟರಿಗಿಂತ ಜಾಸ್ತಿ ಕೈಬೆರಳುಗಳನ್ನೇ ನೋಡುತ್ತಿರುತ್ತೇನೆ. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ ಬೆರಳು ತಾನಾಗಿ ಸಡಿಲವಾದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಬೆವರು, ವಾಕರಿಕೆ, ತಲೆ ಗಿರ್ ಅನ್ನುವುದು ಶುರುವಾದರೆ ಜಾಸ್ತಿಯಾಗಿದೆ ಎಂದರ್ಥ. ಗುಂಡಿ ತಿರುಗಿಸಿದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಐದು ನಿಮಿಷ ಮತ್ತೆ ಬರೀ ಆಕ್ಸಿಜನ್.

ಎಲ್ಲರಿಗೂ ಇದು ಆಗಿಬರುವುದಿಲ್ಲ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಗ್ಯಾಸ್ ಒಳಗೆ ಹೋಗುವುದಾದರೂ ಹೇಗೆ? ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕೊಡುವುದಿಲ್ಲ. ಇತ್ತೀಚೆಗೆ ರೆಟಿನಾ ಆಪರೇಷನ್ ಆಗಿ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದರೆ ಖಂಡಿತ ಬೇಡ. ಆ ಗುಳ್ಳೆ ಹಿಗ್ಗಿ ದೃಷ್ಟಿಯೇ ಹೋಗಬಹುದು. ಇದನ್ನು ರೋಗಿಗಳು ತಾವಾಗಿ ಹೇಳುವುದಿಲ್ಲ. ಹಲ್ಲಿಗೂ ಕಣ್ಣಿಗೂ ಏನು ಸಂಬಂಧ ಅಂದುಕೊಳ್ಳುತ್ತಾರೆ. ನಾವೇ ಕೇಳಬೇಕು.

ಮಾತ್ರೆಯ ವಿಷಯಕ್ಕೆ ಬಂದರೆ, ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಶುರುವಿನ ದಿನಗಳಲ್ಲಿ ಒಬ್ಬರಿಗೆ ಒಂದು ಗಂಟೆ ಮುಂಚೆ ಡಯಾಜೆಪಾಮ್ ಎಂಬ ಮಂಪರಿನ ಮಾತ್ರೆ ಕೊಟ್ಟಿದ್ದೆ. ಹಲ್ಲು ತುಂಬಿಸುವಷ್ಟು ಹೊತ್ತೂ ಅವರು ಕಣ್ಣು ಅಗಲಿಸಿಕೊಂಡು, ಕುರ್ಚಿ ಹಿಡಿದುಕೊಂಡೇ ಇದ್ದರು. ಮಾತ್ರೆ ಕೆಲಸ ಮಾಡಲಿಲ್ಲ ಅಂದುಕೊಂಡೆ. ಎಲ್ಲಾ ಮುಗಿದು ಹೊರಗೆ ಕೂತಾಗ ಅದು ಏರಿತು. ನೆಟ್ಟಗೆ ನಿಲ್ಲಲಾಗದೆ ತೂಗಾಡಿದರು. ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದು ಹೇಳಿದ್ದೆ, ಬಂದಿದ್ದಾರಾ ಅಂತ ನೋಡಿರಲಿಲ್ಲ. ಅವರು ಗಾಡಿ ಓಡಿಸಿಕೊಂಡು ಒಬ್ಬರೇ ಬಂದಿದ್ದರು. ಗಾಡಿ ಕೀ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡು ಮನೆಯವರಿಗೆ ಫೋನ್ ಮಾಡಿದೆ.

ನುಂಗಿದ ಮಾತ್ರೆಯ ಕಷ್ಟವೇ ಇದು. ಒಬ್ಬರಿಗೆ ಬೇಗ ಏರುತ್ತದೆ, ಇನ್ನೊಬ್ಬರಿಗೆ ತಡವಾಗಿ. ಸಾಲಲಿಲ್ಲ ಅಂತ ಇನ್ನೊಂದು ಕೊಟ್ಟರೆ ಎರಡೂ ಒಟ್ಟಿಗೆ ಏರುವ ಅಪಾಯ. ಗ್ಯಾಸಿನ ಹಾಗೆ ತಿರುಗಿಸಿ ಇಳಿಸಲು ಗುಂಡಿ ಇಲ್ಲ. ಈಗ ಜೊತೆಗಾರರು ಎದುರಿಗೆ ಕಾಣದೆ ಮಾತ್ರೆ ಕೊಡುವುದಿಲ್ಲ. ಆ ದಿನ ಗಾಡಿ ಓಡಿಸುವಂತಿಲ್ಲ, ಮದ್ಯ ಕುಡಿಯುವಂತಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ. ಹಿಂದಿನ ರಾತ್ರಿ ಭಯಕ್ಕೆ ನಿದ್ದೆಯೇ ಬಾರದವರಿಗೆ ಮಾತ್ರ ಮಾತ್ರೆ ನಿಜಕ್ಕೂ ಉಪಯೋಗ.

ಇನ್ನು ರಕ್ತನಾಳಕ್ಕೆ ಕೊಡುವ ಮಿಡಜೊಲಾಮ್ ಎಂಬ ಮಂಪರಿನ ಮದ್ದು. ಇದಕ್ಕೆ ಬೇರೆಯೇ ತರಬೇತಿ ಬೇಕು. ನಾನು ಒಂದೊಂದೇ ಮಿಲಿಗ್ರಾಂ ಕೊಟ್ಟು, ಕಾದು, ಮಾತು ತೊದಲಿ ರೆಪ್ಪೆ ಭಾರವಾದ ಕೂಡಲೇ ನಿಲ್ಲಿಸುತ್ತೇನೆ. ಕರೆದರೆ ಓಗೊಡಬೇಕು. ಓಗೊಡದಿದ್ದರೆ ಅದು ನಾವು ಬಯಸಿದ ಮಂಪರಲ್ಲ. ಹಲ್ಲು ನೋಡುವವರು ಒಬ್ಬರು, ಉಸಿರು, ಆಕ್ಸಿಜನ್, ಬಿಪಿ ನೋಡುವವರು ಇನ್ನೊಬ್ಬರು ಇರಲೇಬೇಕು. ಎರಡನ್ನೂ ಒಬ್ಬರೇ ಮಾಡುತ್ತೇನೆ ಅನ್ನುವುದು ಜಂಬ. ಮಂಪರು ಇಳಿಸುವ ಫ್ಲುಮಜೆನಿಲ್ ಕೈಗೆಟುಕುವಂತೆ ಇರಬೇಕು. ಅದರ ಪರಿಣಾಮ ಮಿಡಜೊಲಾಮ್‌ಗಿಂತ ಮೊದಲೇ ಮುಗಿಯುತ್ತದೆ, ಮಂಪರು ಮತ್ತೆ ಕವಿಯಬಹುದು. ಹಾಗಾಗಿ ಕೊಟ್ಟ ಮೇಲೂ ಕಾಯಬೇಕು. ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲೇ ಉಸಿರು ನಿಲ್ಲುವವರನ್ನು, ಹೃದಯದ ತೊಂದರೆ ಹೆಚ್ಚಿರುವವರನ್ನು ನಾನು ಮುಟ್ಟುವುದಿಲ್ಲ. ಅವರಿಗೆ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯೇ ಸರಿ.

ಮಿಡಜೊಲಾಮ್ ಕೊಟ್ಟ ಮೇಲೆ ನಡೆದದ್ದು ಹೆಚ್ಚಾಗಿ ನೆನಪಿರುವುದಿಲ್ಲ. ಇದನ್ನು ನಾನು ಬಹಳ ಕಾಲ ದೊಡ್ಡ ಲಾಭ ಅಂದುಕೊಂಡಿದ್ದೆ. ಒಬ್ಬ ಮಹಿಳೆಯ ಬುದ್ಧಿಹಲ್ಲನ್ನು ಹೀಗೆ ತೆಗೆದೆ. "ಶುರುಮಾಡಿದ್ರಾ?" ಅಂತ ಕೇಳಿದರು, ಆಗಲೇ ಮುಗಿದಿತ್ತು. ಇಬ್ಬರಿಗೂ ಖುಷಿ. ಮುಂದಿನ ಸಲ ರೂಟ್ ಕೆನಾಲಿಗೆ ಬಂದಾಗ ಅದೇ ನಡುಗುವ ಕೈ. ಯಾಕೆ ಅಂತ ಯೋಚಿಸಿದೆ. ಚೆನ್ನಾಗಿ ನಡೆದ ಆ ಒಂದು ಗಂಟೆ ಅವರಿಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಹಳೆಯ ಕೆಟ್ಟದ್ದು ಮಾತ್ರ. ಒಂದೇ ಸಲಕ್ಕೆ ಮುಗಿಯುವ ದೊಡ್ಡ ಕೆಲಸಕ್ಕೆ ಮರೆವು ಒಳ್ಳೆಯದೇ. ಮತ್ತೆ ಮತ್ತೆ ಬರಬೇಕಾದವರಿಗೆ ಹಾಗಲ್ಲ, ಅಲ್ವಾ?

ಆ ಮಹಿಳೆಯನ್ನು ಗ್ಯಾಸ್ ತೆಗೆದುಕೊಳ್ಳಲು ಒಪ್ಪಿಸಿದೆ. ಮೊದಲ ದಿನ 40 ಪರ್ಸೆಂಟ್. ಎರಡನೇ ದಿನ 30. ಮೂರನೇ ದಿನ 20ಕ್ಕೇ ಬೆರಳು ಸಡಿಲವಾದವು. ನಾಲ್ಕನೇ ದಿನ ಮಾಸ್ಕ್ ಹಾಕಿಸಿಕೊಂಡವರು, "ಇವತ್ತು ಬರೀ ಆಕ್ಸಿಜನ್ ಇರಲಿ, ನೋಡೋಣ" ಎಂದರು. ಕೆಲಸದ ನಡುವೆ ಎರಡು ಸಲ ಎಡಗೈ ಎತ್ತಿದರು. ಎರಡು ಸಲವೂ ನಿಲ್ಲಿಸಿದೆ. ಒಮ್ಮೆ ಉಗುಳಬೇಕಿತ್ತು. ಇನ್ನೊಮ್ಮೆ ಮೂಗು ತುರಿಸುತ್ತಿತ್ತು.