ಮಳೆನೀರಿನ ಕೊಳ ನಿಮ್ಮ ಜವಾಬ್ದಾರಿಗೆ ಬಂದರೆ

ಜೋರು ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಕೊಳದ ಹತ್ತಿರ ಹೋದರೆ ನಾನು ಮೊದಲು ತೂಬಿನ ಕಡೆ ನಡೆಯುತ್ತೇನೆ. ಕೊಳ ಎಷ್ಟು ತುಂಬಿದೆ ಅನ್ನೋದು ಆಮೇಲಿನ ಮಾತು. ನೀರು ಹೊರಗೆ ಹೋಗುತ್ತಿದೆಯಾ, ಎಷ್ಟು ದಪ್ಪ ಧಾರೆ, ಯಾವ ಬಣ್ಣ. ಈ ಮೂರು ಗೊತ್ತಾದರೆ ಅರ್ಧ ತಪಾಸಣೆ ಮುಗಿದ ಹಾಗೆ.

ನಮ್ಮ ವಸತಿ ಸಮುಚ್ಚಯದ ಕೊಳವನ್ನು ನಾನು 9 ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಜಾಗ ನಮ್ಮದು, ಹಾಗಾಗಿ ಕೊಳವೂ ನಮ್ಮದೇ. ಕೆಟ್ಟರೆ ರಿಪೇರಿ ಮಾಡಿಸಬೇಕಾದವರು ನಾವೇ, ಒಡೆದರೆ ಕೆಳಗಿನ ಮನೆಗಳಿಗೆ ಉತ್ತರ ಹೇಳಬೇಕಾದವರೂ ನಾವೇ. ಇಂಥ ಕೊಳ ನಿಮ್ಮ ಅಸೋಸಿಯೇಷನ್ನಿನದೋ, ಫ್ಯಾಕ್ಟರಿಯದೋ, ಶಾಲೆಯದೋ ಆಗಿದ್ದು ನೋಡಿಕೊಳ್ಳುವ ಕೆಲಸ ನಿಮಗೆ ಬಂದಿದ್ದರೆ, ಈ ಬರಹ ನಿಮಗೆ.

ಇದು ಚಂದಕ್ಕೆ ಮಾಡಿದ ಕೊಳ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇದಕ್ಕೆ ಎರಡು ಕೆಲಸ ಇದೆ. ಚಾವಣಿ, ರಸ್ತೆ, ಪಾರ್ಕಿಂಗ್ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಒಂದೇ ಸಲ ನುಗ್ಗಿ ಬರುತ್ತದೆ. ಅದನ್ನು ಹಿಡಿದಿಟ್ಟು ನಿಧಾನವಾಗಿ ಬಿಡಬೇಕು. ಜೊತೆಗೆ ಬಂದ ಮಣ್ಣು, ಎಣ್ಣೆ, ಗೊಬ್ಬರ ಎಲ್ಲ ತಳಕ್ಕೆ ಕೂರುವ ಹಾಗೆ ನೋಡಿಕೊಳ್ಳಬೇಕು. ಕೆಲವು ಕೊಳಗಳಲ್ಲಿ ವರ್ಷಪೂರ್ತಿ ನೀರು ಇರುತ್ತದೆ. ಇನ್ನು ಕೆಲವು ಮಳೆ ಬಂದಾಗ ಮಾತ್ರ ತುಂಬಿ, ಆಮೇಲೆ ಒಣಗುತ್ತವೆ. ಒಣ ಕೊಳದಲ್ಲಿ ಸಾಮಾನ್ಯವಾಗಿ 72 ಗಂಟೆಯೊಳಗೆ ನೀರು ಖಾಲಿಯಾಗಬೇಕು. ನಾಲ್ಕನೇ ದಿನವೂ ನಿಂತಿದೆ ಅಂದರೆ ಎಲ್ಲೋ ಕಟ್ಟಿಕೊಂಡಿದೆ ಅಂತಲೇ ಲೆಕ್ಕ.

ಶುರು ಮಾಡುವ ಮೊದಲು ಕೊಳದ ನಕ್ಷೆ ಹುಡುಕಿ. ಕಟ್ಟಿ ಮುಗಿಸಿದ ಮೇಲೆ ಅಳೆದು ಮಾಡಿದ ನಕ್ಷೆಯೇ ಬೇಕು. ತಳದ ಮಟ್ಟ, ಪೈಪಿನ ಅಗಲ, ತೂಬಿನ ತೂತಿನ ಅಳತೆ, ಕೋಡಿಯ (ಕೊಳ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ದಾರಿಯ) ಎತ್ತರ ಎಲ್ಲ ಅದರಲ್ಲಿರುತ್ತದೆ. ಅದಿಲ್ಲದೆ ಹೂಳು ಎಷ್ಟು ತುಂಬಿದೆ ಅಂತ ಹೇಳಲು ಆಗುವುದಿಲ್ಲ. ನಿಮ್ಮ ಹತ್ತಿರ ಇಲ್ಲದಿದ್ದರೆ ಚರಂಡಿ ಯೋಜನೆಗೆ ಒಪ್ಪಿಗೆ ಕೊಟ್ಟ ಕಚೇರಿಯಲ್ಲಿ ಕೇಳಿ. ಅಲ್ಲೂ ಸಿಗದಿದ್ದರೆ ಒಬ್ಬ ಸರ್ವೇಯರ್‌ನಿಂದ ಹೊಸದಾಗಿ ಅಳತೆ ಮಾಡಿಸಿ.

ತೂಬು

ನಮ್ಮ ಕೊಳದ ತೂಬು ಒಂದು ಕಾಂಕ್ರೀಟ್ ಪೆಟ್ಟಿಗೆ. ಅದರ ಗೋಡೆಯಲ್ಲಿ ಮುಷ್ಟಿ ಗಾತ್ರದ ಒಂದು ತೂತು, ಮುಂದೆ ಕಬ್ಬಿಣದ ಜಾಲರಿ. ಇಡೀ ಕೊಳದ ನೀರು ಹೊರಗೆ ಹೋಗುವುದು ಆ ಮುಷ್ಟಿಯಷ್ಟು ಜಾಗದಲ್ಲಿ. ನಾನು ಹೊಸಬನಾಗಿದ್ದಾಗ, ಎರಡನೇ ವರ್ಷ, ಚಪ್ಪಟೆಯಾದ ಒಂದು ಪ್ಲಾಸ್ಟಿಕ್ ಬಾಟಲಿ ಮತ್ತು ಒಂದಿಷ್ಟು ಎಲೆ ಜಾಲರಿಗೆ ಅಂಟಿಕೊಂಡು 11 ದಿನ ನೀರು ಇಳಿಯಲಿಲ್ಲ. ಕೊಳ ತುಂಬಿದೆ, ನೋಡಲು ಚೆನ್ನಾಗಿದೆ ಅಂತ ಎಲ್ಲರೂ ಖುಷಿಯಾಗಿದ್ದೆವು. 12ನೇ ದಿನ ಮತ್ತೆ ಮಳೆ ಬಂತು. ಹಿಡಿದಿಡಲು ಕೊಳದಲ್ಲಿ ಜಾಗವೇ ಇರಲಿಲ್ಲ. ಅಷ್ಟೂ ನೀರು ಕೋಡಿ ಮೇಲೆ ಹರಿದು ಕೆಳಗಿನ ಮಣ್ಣು ಕಿತ್ತುಕೊಂಡು ಹೋಯಿತು.

ಹಾಗಾಗಿ ಪ್ರತಿ ದೊಡ್ಡ ಮಳೆಯ ನಂತರ ಜಾಲರಿ ಸ್ವಚ್ಛ ಮಾಡಿ. ಉದ್ದ ಹಿಡಿಯ ಕುಂಟೆಯಿಂದ, ದಡದಲ್ಲಿ ನಿಂತೇ ಕಸ ಎಳೆಯಿರಿ. ನೀರಿನೊಳಗಿನ ತೂತಿಗೆ ಕೈ ಕಾಲು ಹಾಕಲೇಬೇಡಿ. ಕಟ್ಟಿದ್ದ ಕಸ ತಟ್ಟನೆ ಬಿಟ್ಟುಕೊಂಡರೆ ನೀರಿನ ಸೆಳೆತಕ್ಕೆ ಕೈ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಪೆಟ್ಟಿಗೆಯ ಒಳಗಂತೂ ಇಳಿಯಬೇಡಿ. ಒಳಗೆ ಆಮ್ಲಜನಕ ಕಡಿಮೆ ಇರಬಹುದು, ಕೊಳೆತ ಹೂಳಿನಿಂದ ವಿಷಗಾಳಿ ಬಂದಿರಬಹುದು. ಅದಕ್ಕೆ ತರಬೇತಿ, ಗಾಳಿ ಪರೀಕ್ಷಿಸುವ ಉಪಕರಣ ಇರುವವರೇ ಬೇಕು.

ನೀರು ಬೇಗ ಹೋಗಲಿ ಅಂತ ತೂತು ದೊಡ್ಡದು ಮಾಡೋಣ, ಜಾಲರಿ ತೆಗೆಯೋಣ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಆ ಅಳತೆ ಲೆಕ್ಕ ಹಾಕಿ ಇಟ್ಟದ್ದು. ತೂತು ದೊಡ್ಡದಾದರೆ ಕೆಳಗಿನವರ ಅಂಗಳಕ್ಕೆ ನೀರು ನುಗ್ಗುತ್ತದೆ.

ಏರಿ ಮೇಲೆ ಮೂರು ನಡಿಗೆ

ಏರಿಯನ್ನು, ಅಂದರೆ ಕೊಳದ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಒಡ್ಡನ್ನು, ಮೂರು ಸಲ ನಡೆದು ನೋಡಬೇಕು. ಒಂದು ಸಲ ನೆತ್ತಿಯ ಮೇಲೆ, ಒಂದು ಸಲ ಹೊರಗಿನ ಇಳಿಜಾರಿನ ನಡುವೆ, ಇನ್ನೊಂದು ಸಲ ಬುಡದಲ್ಲಿ. ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ ಏನೂ ಕಾಣುವುದಿಲ್ಲ, ಅದಕ್ಕೇ ತಪಾಸಣೆಗೆ ಮುಂಚೆ ಹುಲ್ಲು ಕತ್ತರಿಸಿ. ಬುಡಸಮೇತ ಬೋಳಿಸಬೇಡಿ, 10ರಿಂದ 15 ಸೆಂಟಿಮೀಟರ್ ಉಳಿಯಲಿ.

ನೋಡಬೇಕಾದದ್ದು ಬಿರುಕು, ಕುಸಿದ ಜಾಗ, ಬಿಲ, ಮರ. ಬೇಸಿಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ಕೆಳಗಿನಿಂದ ನೀರು ಬರುತ್ತಿದೆ ಅಂತ ಅನುಮಾನ ಪಡಿ. ಏರಿ ಮೇಲೆ ಮರ ಬೆಳೆಯಲು ಬಿಡಬಾರದು ಅಂದರೆ ಜನಕ್ಕೆ ಬೇಜಾರಾಗುತ್ತದೆ, ನೆರಳು ಹೋಯಿತಲ್ಲ ಅಂತ. ಕಾರಣ ಇದೆ. ಮರ ಸತ್ತಾಗ ಬೇರು ಕೊಳೆಯುತ್ತದೆ, ಕೊಳೆತ ಬೇರಿನ ದಾರಿಯಲ್ಲಿ ನೀರು ಹರಿಯುತ್ತದೆ. ಗಾಳಿಗೆ ಮರ ಬುಡ ಮೇಲಾದರೆ ಒಂದು ಗಾಡಿ ಮಣ್ಣನ್ನೇ ಕಿತ್ತುಕೊಂಡು ಹೋಗುತ್ತದೆ. ಗಿಡ ಬೆರಳುಗಾತ್ರ ಇರುವಾಗಲೇ ತೆಗೆದುಬಿಡಿ. ಆಗಲೇ ದೊಡ್ಡ ಮರ ಇದ್ದರೆ ಸುಮ್ನೆ ಕಡಿಸಬೇಡಿ, ಎಂಜಿನಿಯರ್ ಕೇಳಿ.

ಬುಡದಲ್ಲಿ, ತೂಬಿನ ನೀರನ್ನು ಏರಿಯ ಮೂಲಕ ಹೊರಗೆ ತರುವ ಪೈಪಿನ ಸುತ್ತಮುತ್ತ, ಜಾಸ್ತಿ ಹೊತ್ತು ನಿಲ್ಲಿ. ನಮ್ಮ ಏರಿಯ ಬುಡದಲ್ಲಿ, ಪೈಪಿನಿಂದ ಎರಡು ಹೆಜ್ಜೆ ಎಡಕ್ಕೆ, ನಾಲ್ಕನೇ ವರ್ಷ ಒಂದು ಒದ್ದೆ ಜಾಗ ಕಾಣಿಸಿತು. ಏರಿಯಲ್ಲಿ ಸ್ವಲ್ಪ ಜಿನುಗುವುದು ಸಹಜ. ಆದರೂ ಅಲ್ಲೊಂದು ಗೂಟ ನೆಟ್ಟೆ. ಬದಿಯಲ್ಲಿ ಚಿಕ್ಕ ಕಾಲುವೆ ತೋಡಿ, ನೀರು ಒಂದು ತುಂಡು ಪೈಪಿನಲ್ಲಿ ಬೀಳುವ ಹಾಗೆ ಮಾಡಿದೆ. ಒಂದು ಲೀಟರ್ ಬಾಟಲಿ ತುಂಬಲು 50 ಸೆಕೆಂಡ್ ಬೇಕಾಯಿತು. ಬಾಟಲಿಯನ್ನು ಕಟ್ಟೆ ಮೇಲೆ ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟೆ. ತಳದಲ್ಲಿ ಏನೂ ಕೂರಲಿಲ್ಲ. ವಾರಕ್ಕೊಮ್ಮೆ ಹೀಗೇ ಮಾಡಿದೆ, ಎರಡು ತಿಂಗಳು ಅದೇ ಲೆಕ್ಕ. ಆಮೇಲೆ ಒಂದು ಜೋರು ಮಳೆಯ ಮಾರನೇ ದಿನ ಬಾಟಲಿ 20 ಸೆಕೆಂಡಿಗೇ ತುಂಬಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ತಳದಲ್ಲಿ ಕೆಂಪು ಮಣ್ಣಿನ ಒಂದು ಗೆರೆ, ಉಗುರಿನ ದಪ್ಪ.

ಆ ಗೆರೆಯ ಅರ್ಥ ಏರಿ ಒಳಗಿನಿಂದ ಕರಗುತ್ತಿದೆ ಅಂತ. ತಿಳಿನೀರು ಜಿನುಗಿದರೆ ಗಮನ ಇಟ್ಟಿರಿ. ಮಣ್ಣು ಬೆರೆತ ನೀರು ಬಂದರೆ ಅವತ್ತೇ ಎಂಜಿನಿಯರ್‌ಗೆ ಫೋನ್ ಮಾಡಿ, ಕೆಳಗಡೆ ಇರುವವರಿಗೂ ವಿಷಯ ಮುಟ್ಟಿಸಿ. ಕೊಳದ ನೀರು ಇಳಿಸಬೇಕಾದರೆ ಎಂಜಿನಿಯರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಿ. ತಟ್ಟನೆ ಖಾಲಿ ಮಾಡಿದರೆ ನೀರು ಕುಡಿದ ದಡ ಒಳಗೆ ಜಾರುತ್ತದೆ. ನಮ್ಮಲ್ಲಿ ಪೈಪಿನ ಒಂದು ಜಾಯಿಂಟ್ ಬಾಯಿ ಬಿಟ್ಟಿತ್ತು. ಏರಿ ಅಗೆದು, ಜಾಯಿಂಟ್ ಸರಿ ಮಾಡಿ, ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ಕುಟ್ಟಿದರು. ಈಗಲೂ ಆ ಗೂಟ ಅಲ್ಲೇ ಇದೆ, ಈಗಲೂ ನೋಡುತ್ತೇನೆ.

ಕೋಡಿಯ ಬಗ್ಗೆ ಹೇಳಬೇಕಾದದ್ದು ಒಂದೇ. ಅದರ ದಾರಿ ಖಾಲಿ ಇರಬೇಕು. ಬೆಂಚು, ಬೇಲಿ, ಹೂವಿನ ಗಿಡ, ಒಂದು ಗುಡ್ಡೆ ಮಣ್ಣು ಯಾವುದೂ ಅಲ್ಲಿ ಬೇಡ. ಕೋಡಿ ಮುಚ್ಚಿದರೆ ನೀರು ಏರಿಯ ನೆತ್ತಿ ಮೇಲೇ ಹತ್ತುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ.

ಹೂಳು ಅಳೆಯುವುದು

ನೀರು ಒಳಗೆ ಬರುವ ಕಡೆ ಒಂದು ಚಿಕ್ಕ ಗುಂಡಿ ಇದ್ದರೆ ನಿಮ್ಮ ಅದೃಷ್ಟ. ನಾವು ಅದನ್ನು ಹೂಳುಗುಂಡಿ ಅಂತಲೇ ಕರೆಯುತ್ತೇವೆ. ದಪ್ಪ ಮರಳು, ಮಣ್ಣು ಅಲ್ಲೇ ನಿಲ್ಲುತ್ತದೆ, ದೊಡ್ಡ ಕೊಳ ಉಳಿಯುತ್ತದೆ.

ಅಳೆಯಲು ಎರಡು ಕೋಲು ಸಾಕು, ಎರಡಕ್ಕೂ ಸೆಂಟಿಮೀಟರ್ ಗುರುತು ಹಾಕಿ. ಒಂದರ ತುದಿಗೆ ತಟ್ಟೆಯಷ್ಟು ಅಗಲದ ಹಲಗೆ ಹೊಡೆಯಿರಿ. ಇನ್ನೊಂದು ತೆಳ್ಳಗಿನ ಕಬ್ಬಿಣದ ಸರಳು. ಹಲಗೆ ಇರುವ ಕೋಲನ್ನು ಮೆಲ್ಲಗೆ ಇಳಿಸಿದರೆ ಅದು ಹೂಳಿನ ಮೇಲೆ ಕೂರುತ್ತದೆ. ಸರಳನ್ನು ಒತ್ತಿದರೆ ಹೂಳಿನ ಮೂಲಕ ಹೋಗಿ ಗಟ್ಟಿ ತಳಕ್ಕೆ ತಾಗುತ್ತದೆ, ಆ ತಾಗುವಿಕೆ ಕೈಗೇ ಗೊತ್ತಾಗುತ್ತದೆ. ಮೊದಲನೆಯದು 70, ಎರಡನೆಯದು 120 ತೋರಿಸಿದರೆ ಹೂಳು 50 ಸೆಂಟಿಮೀಟರ್. ಬೇರೆ ಬೇರೆ ಕಡೆ ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. ಗುಂಡಿ 12 ಮೀಟರ್ ಉದ್ದ, 8 ಮೀಟರ್ ಅಗಲ ಇದ್ದರೆ 48 ಘನ ಮೀಟರ್ ಹೂಳು ಆಯಿತು. ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಕಂಟ್ರಾಕ್ಟರ್ ಜೊತೆ ಮಾತಾಡುವುದು ಸುಲಭ. ದೋಣಿಯಲ್ಲಿ ಹೋಗಿ ಅಳೆಯುವುದಾದರೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ, ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಳ್ಳಿ.

ಹೂಳುಗುಂಡಿ ಅರ್ಧ ತುಂಬಿದರೆ ತೆಗೆಸಿ. ಸಾಮಾನ್ಯವಾಗಿ ಅದು ಕೆಲವು ವರ್ಷಕ್ಕೊಮ್ಮೆ ಬರುವ ಕೆಲಸ. ದೊಡ್ಡ ಕೊಳಕ್ಕೆ ಹದಿನೈದೋ ಇಪ್ಪತ್ತೋ ವರ್ಷ ಹಿಡಿಯಬಹುದು. ಆದರೆ ಮೇಲ್ಗಡೆ ಎಲ್ಲಾದರೂ ಕಟ್ಟಡದ ಕೆಲಸ ನಡೆದು ಮಣ್ಣು ತೆರೆದು ಬಿದ್ದಿದ್ದರೆ ಒಂದೇ ಮಳೆಗಾಲ ಸಾಕು. ತೆಗೆದ ಹೂಳನ್ನು ನೇರವಾಗಿ ತೋಟಕ್ಕೆ ಹಾಕಬೇಡಿ. ರಸ್ತೆಯ ಎಣ್ಣೆ, ಟೈರು ಮತ್ತು ಬ್ರೇಕಿನ ಪುಡಿ, ಸತು, ಸೀಸ ಅದರಲ್ಲಿರಬಹುದು. ಮೊದಲು ಲ್ಯಾಬಿಗೆ ಕಳಿಸಿ. ಒಣಗಲು ಹಾಕುವಾಗ ಅದರ ನೀರು ತಿರುಗಿ ಕೊಳಕ್ಕೆ ಹರಿಯದ ಜಾಗ ನೋಡಿ. ಲಾರಿ ಬರುವ ದಾರಿಯಲ್ಲಿ ಯಾರೂ ಶೆಡ್ ಕಟ್ಟದ ಹಾಗೆ ಈಗಲೇ ನೋಡಿಕೊಳ್ಳಿ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೂಳಿನ ಖರ್ಚು ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಸಲ ತಲೆ ಮೇಲೆ ಬೀಳುತ್ತದೆ. ಈಗಲೇ ಒಂದು ಅಂದಾಜು ತರಿಸಿ, ಉಳಿದ ವರ್ಷಗಳಿಗೆ ಭಾಗಿಸಿ, ಪ್ರತಿ ವರ್ಷ ಬೇರೆ ಖಾತೆಯಲ್ಲಿ ಎತ್ತಿಡಿ.

ನೀರು, ಗಿಡ, ಸೊಳ್ಳೆ

ಬೇಸಿಗೆಯಲ್ಲಿ ಪಾಚಿ ಕಂಡ ತಕ್ಷಣ ಔಷಧಿ ಹಾಕಿ ಅನ್ನುತ್ತಾರೆ. ಪೂರ್ತಿ ಕೊಳದ ಪಾಚಿಯನ್ನು ಒಂದೇ ಸಲ ಸಾಯಿಸಿದರೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಸಾಯುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆಗಲೇ ಆಮ್ಲಜನಕ ಸಾಲುತ್ತಿಲ್ಲ ಅಂತ. ಪಾಚಿ ಬೆಳೆಯುವುದು ಗೊಬ್ಬರದಿಂದ. ಹುಲ್ಲುಹಾಸಿಗೆ ಮಳೆಗೆ ಮುಂಚೆ ಗೊಬ್ಬರ ಹಾಕುವುದನ್ನು ನಿಲ್ಲಿಸಿದರೆ, ನಾಯಿಯ ಹೇಸಿಗೆ ಎತ್ತಿದರೆ, ಪಾಚಿ ನಿಧಾನವಾಗಿ ಕಡಿಮೆಯಾಗುತ್ತದೆ. ದಡದ ಸುತ್ತ 3 ಮೀಟರ್ ಅಗಲಕ್ಕೆ ಹುಲ್ಲು, ಗಿಡ ಉದ್ದ ಬೆಳೆಯಲು ಬಿಡಿ. ಅದು ಮಣ್ಣನ್ನು ಹಿಡಿಯುತ್ತದೆ, ಗೊಬ್ಬರವನ್ನು ಹೀರುತ್ತದೆ. ಏರಿಯ ಭಾಗದಲ್ಲಿ ಮಾತ್ರ ಬೇಡ. ಜೊಂಡು ಒಂದಿಷ್ಟು ಇದ್ದರೆ ಒಳ್ಳೆಯದೇ, ತೂಬಿನ ಸುತ್ತ ಬಂದರೆ ಕತ್ತರಿಸಿ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಕೆದಕಿ. ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಹಾಗೇ ಉಳಿದರೆ ಅದು ಕಬ್ಬಿಣದ ಅಂಶ ಇರುವ ನೀರಿನಲ್ಲಿ ಬ್ಯಾಕ್ಟೀರಿಯಾ ಮಾಡುವ ಪೊರೆ, ಹೆದರಬೇಕಾಗಿಲ್ಲ. ಸುಳಿದು ಮತ್ತೆ ಒಂದಾದರೆ ಎಣ್ಣೆ. ಯಾವ ಚರಂಡಿಯಿಂದ ಬಂತು ಅಂತ ಹುಡುಕಿಕೊಂಡು ಮೇಲಕ್ಕೆ ಹೋಗಿ.

ಸೊಳ್ಳೆಗೆ ಎಲ್ಲರೂ ಕೊಳವನ್ನೇ ಬೈಯುತ್ತಾರೆ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಇರುವ ಆಳದ ನೀರಿನಲ್ಲಿ ಸೊಳ್ಳೆ ಅಷ್ಟಾಗಿ ಬೆಳೆಯುವುದಿಲ್ಲ. ಒಣ ಕೊಳದ ತಳದ ತಗ್ಗುಗಳಲ್ಲಿ, ತೇಲುವ ಕಸದಲ್ಲಿ, ಎಸೆದ ಡಬ್ಬಿಯಲ್ಲಿ ಬೆಳೆಯುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ತಗ್ಗುಗಳನ್ನು ಸಮ ಮಾಡಿ, ಕಸ ತೆಗೆಯಿರಿ. ಸೊಳ್ಳೆ ತಿನ್ನುತ್ತದೆ ಅಂತ ಹೊರಗಿನ ಗ್ಯಾಂಬೂಸಿಯಾ ಮೀನು ತಂದು ಬಿಡಬೇಡಿ. ಅದು ಎಷ್ಟೋ ದೇಶಗಳಲ್ಲಿ ಅಲ್ಲಿನದೇ ಮೀನುಗಳಿಗೆ ಕುತ್ತು ತಂದಿದೆ.

ಯಾವಾಗ, ಏನು ಬರೆದಿಡಬೇಕು

ತಿಂಗಳಿಗೊಮ್ಮೆ 20 ನಿಮಿಷದ ಒಂದು ಸುತ್ತು. ಒಂದು ದಿನದಲ್ಲಿ 25 ಮಿಲಿಮೀಟರ್ ದಾಟಿ ಮಳೆ ಬಂದರೆ ಮಾರನೇ ದಿನ ಇನ್ನೊಂದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಂಜಿನಿಯರ್ ಜೊತೆ ಪೂರ್ತಿ ತಪಾಸಣೆ. ಫೋಟೋಗಳನ್ನು ಯಾವಾಗಲೂ ಅದೇ ಜಾಗದಿಂದ ತೆಗೆಯಿರಿ, ಇಲ್ಲದಿದ್ದರೆ ಹೋದ ವರ್ಷದ ಬಿರುಕು ಈ ವರ್ಷ ಅಗಲವಾಯಿತಾ ಅಂತ ಗೊತ್ತಾಗುವುದಿಲ್ಲ. ನಾನು ಐದು ಕಡೆ ಕಲ್ಲಿಗೆ ಬಿಳಿ ಬಣ್ಣ ಹಚ್ಚಿದ್ದೇನೆ, ಅದರ ಮೇಲೆ ನಿಂತೇ ಫೋಟೋ.

ಕೊಳ ಖಾಲಿ ಮಾಡುವ ವಾಲ್ವ್ ಇದ್ದರೆ ವರ್ಷಕ್ಕೊಮ್ಮೆ ಪೂರ್ತಿ ತೆರೆದು, ಮತ್ತೆ ಪೂರ್ತಿ ಮುಚ್ಚಿ ನೋಡಿ. ಮುಟ್ಟದೆ ಬಿಟ್ಟ ವಾಲ್ವ್ ತುಕ್ಕು ಹಿಡಿದು ಬೇಕಾದ ದಿನ ಅಲ್ಲಾಡುವುದಿಲ್ಲ. ಕಮಿಟಿ ಬದಲಾದಾಗ ತಪಾಸಣೆ ಬರೆದಿಡುವ ಪುಸ್ತಕದ ಜೊತೆ ವಾಲ್ವಿನ ಕೀಲಿಯನ್ನೂ ಕೈಗೆ ಕೊಡಿ, ಯಾವ ಕಡೆ ಎಷ್ಟು ಸುತ್ತು ಅಂತ ಮೊದಲ ಪುಟದಲ್ಲೇ ಬರೆಯಿರಿ. ನಮ್ಮದು ಎಡಕ್ಕೆ 14 ಸುತ್ತು.