ಯಾವ ಪೇಪರ್ ನಂಬಲಿ ಅಂತ ಕೇಳುವವರಿಗೆ ಒಬ್ಬ ಏಜೆಂಟನ ಉತ್ತರ

ನಾನು ತಿಪಟೂರಿನಲ್ಲಿ ಪೇಪರ್ ಏಜೆಂಟ್. ಕನ್ನಡದ ದೊಡ್ಡ ಪತ್ರಿಕೆಗಳೆಲ್ಲ ನನ್ನ ಹತ್ತಿರ ಬರುತ್ತವೆ. ಇಂಗ್ಲಿಷಿನವು ಎರಡು ಮೂರು, ಜಿಲ್ಲೆಯವು ಒಂದಷ್ಟು. ನಸುಕಿನಲ್ಲಿ ಗಾಡಿ ಬಂದು ಬಂಡಲ್ ಇಳಿಸಿ ಹೋಗುತ್ತದೆ. ಲೈನ್ ಹುಡುಗರು ಬರುವ ತನಕ ಪುರವಣಿ ಸೇರಿಸುತ್ತಾ ಕೂರುವುದು ನನ್ನ ಕೆಲಸ. ಆಗ ಎಲ್ಲ ಪತ್ರಿಕೆಗಳ ಮುಖಪುಟ ಒಂದರ ಪಕ್ಕ ಒಂದು ಬಿದ್ದಿರುತ್ತವೆ. ದುಡ್ಡು ಕೊಟ್ಟು ಓದುವವರಿಗೆ ಈ ಅನುಕೂಲ ಇಲ್ಲ. ಅವರು ಒಂದು ಪೇಪರ್ ಹಾಕಿಸಿಕೊಳ್ಳುತ್ತಾರೆ, ಅದರಲ್ಲಿ ಬಂದಿದ್ದೇ ಆವತ್ತಿನ ಲೋಕ.

ಹೊಸದಾಗಿ ಮನೆ ಮಾಡಿದವರು, ರಿಟೈರ್ ಆಗಿ ಊರಿಗೆ ಬಂದವರು ಕೇಳುವುದು ಒಂದೇ ಪ್ರಶ್ನೆ. "ಯಾವುದ್ ಹಾಕ್ಸಿಕೊಳ್ಳಲಪ್ಪಾ? ಯಾವುದರಲ್ಲಿ ನಿಜ ಐತೆ?" ಏಜೆಂಟ್ ಆದವನು ಯಾವ ಪತ್ರಿಕೆಯನ್ನೂ ತೆಗಳುವಂತಿಲ್ಲ. ಬೆಳಿಗ್ಗೆ ಆಡಿದ ಮಾತಿಗೆ ಸಂಜೆ ಸರ್ಕ್ಯುಲೇಷನ್‌ನವರ ಫೋನ್ ಬರುತ್ತದೆ. ಅದಕ್ಕೇ ಹೆಸರು ಹೇಳುವ ಬದಲು ನಾನು ಹೇಗೆ ನೋಡುತ್ತೇನೆ ಅನ್ನುವುದನ್ನು ಹೇಳುತ್ತೇನೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹಿಡಿಯಿರಿ, ಅದರ ಸುದ್ದಿಯನ್ನು ಎಲ್ಲದರಲ್ಲೂ ಓದಿ. ಮೇಷ್ಟ್ರಾಗಿದ್ದರೆ ಶಿಕ್ಷಕರ ವರ್ಗಾವಣೆ ಸುದ್ದಿ, ಕೆಇಬಿಯಲ್ಲಿದ್ದರೆ ಕರೆಂಟ್ ಸುದ್ದಿ. ನಮ್ಮೂರಲ್ಲಿ ಅದು ಕೊಬ್ಬರಿ.

ತಿಪಟೂರಿನವರಿಗೆ ಕೊಬ್ಬರಿ ಧಾರಣೆ ಪೇಪರ್ ನೋಡಿ ಗೊತ್ತಾಗಬೇಕಿಲ್ಲ. ಎಪಿಎಂಸಿಯಲ್ಲಿ ಟೆಂಡರ್ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಹಾಗಾಗಿ ಕೊಬ್ಬರಿ ಸುದ್ದಿಯಲ್ಲಿ ನಮ್ಮನ್ನು ಯಾಮಾರಿಸುವುದು ಕಷ್ಟ. 2023ರಲ್ಲಿ ರೇಟು ನೆಲ ಕಚ್ಚಿತ್ತು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆ. ರೈತರು 15 ಸಾವಿರಕ್ಕೆ ಪಟ್ಟು ಹಿಡಿದಿದ್ದರು. ಆ ವರ್ಷ ಡಿಸೆಂಬರ್ 27ಕ್ಕೆ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ 2024ರ ಹಂಗಾಮಿನ ಬೆಲೆ ಘೋಷಿಸಿತು. ಉಂಡೆ ಕೊಬ್ಬರಿಗೆ 12,000, ಎಣ್ಣೆಗೆ ಹೋಗುವ ಮಿಲ್ಲಿಂಗ್ ಕೊಬ್ಬರಿಗೆ 11,160.

ಮಾರನೆಯ ದಿನದ ಪೇಪರ್‌ಗಳನ್ನು ಹರಡಿಕೊಂಡು ಕೂತೆ. ಎಲ್ಲರ ಕೈಗೂ ಸಿಕ್ಕಿದ್ದು ಒಂದೇ ಸರ್ಕಾರಿ ಪ್ರಕಟಣೆ. ಅದರಲ್ಲಿ ಮೂರು ಲೆಕ್ಕ ಇತ್ತು. ಮಿಲ್ಲಿಂಗ್ ಕೊಬ್ಬರಿಗೆ ಹಿಂದಿನ ವರ್ಷಕ್ಕಿಂತ 300 ರೂಪಾಯಿ ಜಾಸ್ತಿ. ಉಂಡೆಗೆ 250 ಜಾಸ್ತಿ. 2014–15ರಲ್ಲಿ ಉಂಡೆಗೆ 5,500 ಇದ್ದದ್ದು ಈಗ 12,000, ಅಂದರೆ ಶೇ 118ರಷ್ಟು ಏರಿಕೆ. ಒಂದು ಪತ್ರಿಕೆ ಶೇ 118ನ್ನೇ ಮೇಲೆ ಹಾಕಿತ್ತು. ಇನ್ನೊಂದು 250 ರೂಪಾಯಿಯ ಪಕ್ಕದಲ್ಲಿ 'ಮಾತ್ರ' ಸೇರಿಸಿತ್ತು. ಮತ್ತೊಂದರಲ್ಲಿ 300 ರೂಪಾಯಿ ಹೆಚ್ಚಳ ಅಂತ ದಪ್ಪ ಅಕ್ಷರ. ಸುಳ್ಳು ಒಂದೂ ಇಲ್ಲ. ಆದರೆ ತಿಪಟೂರಿನ ರೈತ ಮಾರುವುದು ಉಂಡೆ. ಅವನಿಗೆ ಆ 300ರಿಂದ ಮೂರು ಕಾಸು ಬರಲ್ಲ. ಆ ಶೀರ್ಷಿಕೆ ಬರೆದವರಿಗೆ ಕೊಬ್ಬರಿಯಲ್ಲಿ ಎರಡು ಜಾತಿ ಇದೆ ಅನ್ನುವುದೇ ಗೊತ್ತಿರಲಿಲ್ಲವೋ, ದೊಡ್ಡ ಅಂಕಿ ಬೇಕಿತ್ತೋ, ನಾನು ಹೇಳಲಾರೆ. ಎರಡರಲ್ಲಿ ಯಾವುದಾದರೂ ಆ ಪತ್ರಿಕೆಯ ಕೃಷಿ ಸುದ್ದಿಯನ್ನು ಅಷ್ಟಕ್ಕಷ್ಟೇ ಅಂತ ಗುರುತು ಹಾಕಿಕೊಂಡೆ.

ನನಗೆ ಮುಖ್ಯ ಅನಿಸಿದ್ದು ಬೇರೆ. ಆವತ್ತು ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಷ್ಟಿತ್ತು ಅನ್ನುವುದನ್ನು ಅದೇ ಸುದ್ದಿಯೊಳಗೆ ಯಾರು ಸೇರಿಸಿದ್ದಾರೆ? ಬೆಂಬಲ ಬೆಲೆ ಏರಿಸಿದರೆ ಸಾಲದು, ಕೇಂದ್ರದ ಪರವಾಗಿ ಕೊಳ್ಳುವ ನಾಫೆಡ್ ಸಂಸ್ಥೆ ಖರೀದಿಗೆ ಇಳಿಯಬೇಕು, ಎಷ್ಟು ಖರೀದಿಸುತ್ತದೆ ಅಂತ ಹೇಳಬೇಕು. ಅದು ಇದ್ದ ಸುದ್ದಿ ಒಳಪುಟದಲ್ಲಿ, ಸ್ಥಳೀಯ ವರದಿಗಾರ ಬರೆದದ್ದು. ಶೀರ್ಷಿಕೆಯೂ ಸಪ್ಪೆ. ಆದರೆ ಅದನ್ನು ಓದಿದವನಿಗೆ ಮಾತ್ರ ಕೊಬ್ಬರಿ ಈಗ ಕೊಡಬೇಕೋ ಇಟ್ಟುಕೊಳ್ಳಬೇಕೋ ಅಂತ ಯೋಚಿಸಲು ಏನೋ ಸಿಕ್ಕಿತು.

ಮುಂದೆ ರಾಜ್ಯ ಸರ್ಕಾರ ಕ್ವಿಂಟಲಿಗೆ 1,500 ರೂಪಾಯಿ ಪ್ರೋತ್ಸಾಹಧನ ಕೊಡುತ್ತೇವೆ ಅಂದಿತು. 12,000ಕ್ಕೆ 1,500 ಸೇರಿ 13,500. ಖರೀದಿ ಮಿತಿ ರಾಜ್ಯಕ್ಕೆಲ್ಲ ಸೇರಿ 62,500 ಟನ್. ಈಗ ಆಟ ಇನ್ನೂ ಚೆನ್ನಾಯಿತು. ಕೆಲವರ ಪ್ರಕಾರ 13,500 ಕೊಡುತ್ತಿರುವುದು ರಾಜ್ಯ. ಕೆಲವರ ಪ್ರಕಾರ ಕೊಳ್ಳುತ್ತಿರುವುದೆಲ್ಲ ಕೇಂದ್ರ, ರಾಜ್ಯದ 1,500 ಎಲ್ಲೋ ಕೊನೇ ಪ್ಯಾರಾದಲ್ಲಿ. ಎರಡೂ ಸರ್ಕಾರದ ಪಾಲನ್ನು ಒಂದೇ ವಾಕ್ಯದಲ್ಲಿ ಬರೆದವರು ಯಾರು ಅಂತ ಹುಡುಕಿದೆ. ಇದ್ದರು. ನಾವು ಪಕ್ಷಪಾತಿ ಅಂತ ಬೈಯುವ ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲೇ ಇತ್ತು.

ಇದರಿಂದ ನನ್ನ ಲೆಕ್ಕವೇ ಬದಲಾಯಿತು. ಪತ್ರಿಕೆಯನ್ನು ಇಡಿಯಾಗಿ ನಂಬುವುದು ಅಥವಾ ಬಿಡುವುದು ಎರಡೂ ದಂಡ. ಒಂದೇ ಪತ್ರಿಕೆಯ ಮುಖಪುಟ ವಾಲಿರುತ್ತದೆ, ಜಿಲ್ಲಾ ಪುಟ ನೆಟ್ಟಗಿರುತ್ತದೆ, ವಾಣಿಜ್ಯ ಪುಟದ ತುಂಬ ಕಂಪನಿಗಳು ಕಳಿಸಿದ್ದೇ ಇರುತ್ತದೆ, ಕ್ರೀಡೆ ಚೆನ್ನಾಗಿರುತ್ತದೆ. ನಾನೀಗ ಪುಟದ ಲೆಕ್ಕದಲ್ಲಿ ನಂಬುತ್ತೇನೆ.

ವಾಲುವುದು ಯಾವ ಕಡೆಗೆ ಅಂತ ಗೊತ್ತಾಗಲು ಮೊದಲು ಯಜಮಾನ ಯಾರು ಅಂತ ತಿಳಿಯಬೇಕು. ಇದಕ್ಕೆ ಪತ್ತೇದಾರಿ ಏನೂ ಬೇಡ. ಕೊನೇ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಯಾರೂ ಓದಲ್ಲ. 1956ರ ನಿಯಮದ ಪ್ರಕಾರ ಇನ್ನೂ ಒಂದು ಕಡ್ಡಾಯವಿತ್ತು. ಫೆಬ್ರುವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಅಂತ ಒಂದು ಚೌಕಟ್ಟು. ಮಾಲೀಕರು ಯಾರು, ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಯಾರದು ಅಂತ ಅದರಲ್ಲಿ ಹೇಳಬೇಕಿತ್ತು. ಪತ್ರಿಕೆಗಳ ನೋಂದಣಿಗಿದ್ದ 1867ರ ಹಳೇ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ. ಆದರೂ ನಾನು ಹಳೇ ಮಾರ್ಚ್ ಸಂಚಿಕೆಗಳನ್ನು ರದ್ದಿಗೆ ಹಾಕದೆ ಎತ್ತಿಟ್ಟಿದ್ದೇನೆ. ಕೆಲವದರಲ್ಲಿ ಮಾಲೀಕರ ಜಾಗದಲ್ಲಿ ಬರೀ ಕಂಪನಿ ಹೆಸರು. ಆ ಕಂಪನಿ ಯಾರದು ಅಂತ ಇನ್ನೊಂದು ಸುತ್ತು ಹುಡುಕಬೇಕು, ಅಷ್ಟೇ.

ಮಾಲೀಕರು ರಾಜಕೀಯದಲ್ಲಿರುವುದು ಗುಟ್ಟೇನೂ ಅಲ್ಲ. ವಿಜಯ ಸಂಕೇಶ್ವರ 1999ರಲ್ಲಿ ವಿಜಯ ಕರ್ನಾಟಕ ಶುರುಮಾಡಿದಾಗ ಬಿಜೆಪಿ ಸಂಸದರಾಗಿದ್ದರು. 2006ರಲ್ಲಿ ಅದನ್ನು ಟೈಮ್ಸ್ ಗುಂಪಿಗೆ ಮಾರಿದರು, 2012ರಲ್ಲಿ ವಿಜಯವಾಣಿ ತಂದರು. ನ್ಯಾಷನಲ್ ಹೆರಾಲ್ಡ್ 1938ರಲ್ಲಿ ಶುರುವಾದದ್ದೇ ನೆಹರೂ ಅವರಿಂದ. ಕೇರಳದ ದೇಶಾಭಿಮಾನಿ ಸಿಪಿಎಂನದು, ತಮಿಳುನಾಡಿನ ಮುರಸೊಲಿ ಡಿಎಂಕೆಯದು. ಮೈಮೇಲೆ ಬಾವುಟ ಹೊದ್ದುಕೊಂಡೇ ಬರುವ ಪತ್ರಿಕೆಯಿಂದ ಓದುಗರಿಗೆ ಅಂಥ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ. ಎಷ್ಟು ಕಳೆಯಬೇಕೋ ಅಷ್ಟು ಕಳೆದು ಓದಬಹುದು. ನಾವು ಯಾರ ಕಡೆಯೂ ಇಲ್ಲ ಅಂತ ದಿನಾ ಹೇಳಿಕೊಳ್ಳುವವರನ್ನು ಓದುವಾಗ ಜಾಸ್ತಿ ಹುಷಾರಾಗಿರಬೇಕು.

ಕಡೆ ಗೊತ್ತಾದ ಮೇಲೆ ನಾನು ಹುಡುಕುವುದು ಒಂದನ್ನೇ: ತನ್ನ ಕಡೆಯವರಿಗೆ ಇರುಸುಮುರುಸಾಗುವ ಸುದ್ದಿಯನ್ನು ಅದು ಹಾಕುತ್ತದೋ ಇಲ್ಲವೋ. ರಾಜ್ಯ ಸರ್ಕಾರವನ್ನು ಹೊಗಳುವ ಪತ್ರಿಕೆ, ಗೃಹಲಕ್ಷ್ಮಿಯ ಎರಡು ಸಾವಿರ ಈ ತಿಂಗಳೂ ಬಂದಿಲ್ಲ ಅಂತ ಬರೆದರೆ ಕಣ್ಣು ಮುಚ್ಚಿ ನಂಬುತ್ತೇನೆ. ವಿರೋಧಿ ಪತ್ರಿಕೆ ಅದನ್ನೇ ಬರೆದರೆ ಪಕ್ಕದ ಮನೆ ಅಕ್ಕನ ಪಾಸ್‌ಬುಕ್ ಕೇಳುತ್ತೇನೆ. ಕೇಂದ್ರದ ಪರ ಇರುವ ಪತ್ರಿಕೆ ಕೇಂದ್ರದ ಕೈಲಿರುವ ಕೆಲಸ ನಿಂತಿದೆ ಅಂತ ಬರೆದರೂ ಹಾಗೇ. ಇಂಥ ಸುದ್ದಿ ಅಪರೂಪ. ಬಂದಾಗ ಎಲ್ಲಿ ಬಂದಿದೆ ನೋಡಿ. ಒಳಗೆ, ಎಡ ಪುಟದ ಮೂಲೆಯಲ್ಲಿ, ಸಿಂಗಲ್ ಕಾಲಂ. ಫೋಟೊ ಇರಲ್ಲ. ಆದರೂ ಹಾಕಿದರಲ್ಲ, ಅದಕ್ಕೆ ಮಾರ್ಕ್ಸ್ ಕೊಡುತ್ತೇನೆ.

ಫೋಟೊ ಅಂದಾಗ ನೆನಪಾಯಿತು. ಒಂದೇ ಸಮಾವೇಶದ ಫೋಟೊ ಎರಡು ಪತ್ರಿಕೆಯಲ್ಲಿ ನೋಡಿ. ಒಂದರಲ್ಲಿ ವೇದಿಕೆ ಹಿಂದಿನಿಂದ ತೆಗೆದ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿಗಳ ಸಾಲು. ನಾಯಕರು ಒಂದರಲ್ಲಿ ನಗುತ್ತಿರುತ್ತಾರೆ, ಇನ್ನೊಂದರಲ್ಲಿ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ವರದಿ ಓದುವ ಮೊದಲೇ ಮನಸ್ಸು ಒಂದು ಕಡೆ ಹೋಗಿ ಕೂತಿರುತ್ತದೆ. ಅದಕ್ಕೇ ನಾನು ರಾಜಕೀಯ ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಎದುರು ಪಕ್ಷದವರ ಮಾತು, ಅಧಿಕಾರಿಯ ಉತ್ತರ, ನಿಜವಾದ ಅಂಕಿ ಸಾಮಾನ್ಯವಾಗಿ ಕೊನೆಯ ಎರಡು ಪ್ಯಾರಾದಲ್ಲಿರುತ್ತವೆ.

ಚುನಾವಣೆ ಬಂದರೆ ಈ ಯಾವ ಲೆಕ್ಕವೂ ನಡೆಯಲ್ಲ. ಆಗ ದುಡ್ಡು ಮಾತಾಡುತ್ತದೆ. 2009ರ ಮಹಾರಾಷ್ಟ್ರ ಚುನಾವಣೆಯಲ್ಲಿ ಮುಖ್ಯಮಂತ್ರಿಯನ್ನು ಹೊಗಳಿದ ಒಂದೇ ಬರಹ, ಅಕ್ಷರವೂ ಬದಲಾಗದೆ, ಪೈಪೋಟಿಯ ಪತ್ರಿಕೆಗಳಲ್ಲಿ ಬಂದಿದ್ದನ್ನು ಪಿ. ಸಾಯಿನಾಥ್ ದಿ ಹಿಂದೂನಲ್ಲಿ ಬಯಲು ಮಾಡಿದ್ದರು. ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿಯನ್ನೇ ಕೊಟ್ಟಿತು. ಪೇಪರ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂರುವ ನಮ್ಮಂಥವರಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಅಭ್ಯರ್ಥಿಯ ಬಾಲ್ಯ, ಜನಸೇವೆ, ತಾಯಿಯ ಆಶೀರ್ವಾದ, ಕೊನೆಗೆ ಗೆಲುವು ನಿಶ್ಚಿತ. ಬರೆದವರ ಹೆಸರು ಇರಲ್ಲ. ಅಕ್ಷರದ ಆಕಾರ ಕೂಡ ಆ ಪುಟದ ಉಳಿದ ಸುದ್ದಿಗಿಂತ ಸ್ವಲ್ಪ ಬೇರೆ ಇರುತ್ತದೆ, ಮೂಲೆಯಲ್ಲೆಲ್ಲೋ ಸಣ್ಣದಾಗಿ ಜಾಹೀರಾತು ಅಂತ ಇದ್ದರೆ ಪುಣ್ಯ. ಇದನ್ನು ಗಿರಾಕಿಗಳಿಗೆ ಬೆರಳಿಟ್ಟು ತೋರಿಸುತ್ತೇನೆ.

ಆ ದಿನಗಳಲ್ಲಿ ಪೇಪರ್ ಮಧ್ಯೆ ಸೇರಿಸಲು ಕರಪತ್ರಗಳ ಕಟ್ಟು ನಮ್ಮ ಹತ್ತಿರವೇ ಬರುತ್ತದೆ. ಒಂದು ಸಾವಿರಕ್ಕೆ ಇಷ್ಟು ಅಂತ ಕೊಡುತ್ತಾರೆ. ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದ್ದನ್ನು ನಾನು ಮುಟ್ಟಲ್ಲ. ಎದುರಾಳಿಯ ಮೇಲೆ ಕೆಸರು ಎರಚುವ ಕರಪತ್ರಗಳಲ್ಲೇ ಹೆಸರು ಇರುವುದಿಲ್ಲ ಅನ್ನುವುದು ಬೇರೆ ಮಾತು. ಓದುಗರೂ ಮೊದಲು ಅಡಿಯ ಸಾಲನ್ನೇ ನೋಡಬೇಕು.

ಇಷ್ಟೆಲ್ಲ ಹೇಳಿದರೂ ಜನ ಪೇಪರ್ ಆರಿಸುವುದು ಈ ಲೆಕ್ಕದಲ್ಲಿ ಅಲ್ಲ ಅಂತ ನನಗೆ ಗೊತ್ತು. ನನ್ನ ಲೈನಿನಲ್ಲಿ ಅಪ್ಪನ ಕಾಲದಿಂದ ಬರುತ್ತಿದೆ ಅಂತ ಹಾಕಿಸಿಕೊಳ್ಳುವವರೇ ಜಾಸ್ತಿ. ಇನ್ನು ಕೆಲವರಿಗೆ ಪದಬಂಧ ಮುಖ್ಯ. ವಯಸ್ಸಾದವರು ಮೊದಲು ತೆಗೆಯುವುದು ಶ್ರದ್ಧಾಂಜಲಿ ಪುಟ. ಊರಲ್ಲಿ ಯಾರ ತಿಥಿ ಅಂತ ಗೊತ್ತಾಗಬೇಕಲ್ಲ. ಚುನಾವಣೆ ಫಲಿತಾಂಶದ ಮಾರನೆ ದಿನ ಮಾತ್ರ ಸಿಟ್ಟಿನ ಫೋನುಗಳು ಬರುತ್ತವೆ. "ಆ ಪೇಪರ್ ನಾಳೆಯಿಂದ ಬೇಡ, ಒಂದೇ ಸಮ ಅವರ ಭಜನೆ." ಸರಿ ಸಾರ್ ಅಂದು ಬೇರೆ ಹಾಕುತ್ತೇನೆ. ತಿಂಗಳು ಕಳೆಯುವಷ್ಟರಲ್ಲಿ ಹಲವರು ಹಳೆಯದಕ್ಕೇ ವಾಪಸ್. ಮನೆಯವರಿಗೆ ಹೊಸ ಪೇಪರಿನ ಪದಬಂಧ ಒಗ್ಗಲಿಲ್ಲವಂತೆ.

ಓದುವವನ ಮನಸ್ಸಿನಲ್ಲಿರುವುದನ್ನೇ ಪೇಪರ್ ಬರೆದರೆ ಅದು ನಿಷ್ಪಕ್ಷಪಾತ, ಇಲ್ಲದಿದ್ದರೆ ಮಾರಿಕೊಂಡಿದೆ. ಓದುಗರ ಈ ಪಕ್ಷಪಾತದ ಬಗ್ಗೆ ಯಾರೂ ಮಾತಾಡಲ್ಲ. ಪತ್ರಿಕೆಯವರಿಗೆ ಇದು ಚೆನ್ನಾಗಿ ಗೊತ್ತು. ನಾವು ಕೊಡುವ ಐದಾರು ರೂಪಾಯಿಯಲ್ಲಿ ಏಜೆಂಟ್ ಕಮಿಷನ್ ಕಳೆದು ಕಾಗದದ ಖರ್ಚೂ ಹುಟ್ಟಲ್ಲ. ಉಳಿದದ್ದು ಜಾಹೀರಾತಿನಿಂದ ಬರಬೇಕು, ಅದರಲ್ಲಿ ಸರ್ಕಾರದ್ದು ದೊಡ್ಡ ಪಾಲು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಇಲ್ಲದೆ ಬರೀ ಓದುಗರ ಕಾಸಿನಲ್ಲಿ ನಡೆದಿತ್ತು. ಅದು ವಾರಪತ್ರಿಕೆ. ದಿನಾ ಬಣ್ಣದ ಪುಟ ಅಚ್ಚು ಹಾಕಿ ಬೆಳಗಾಗುವುದರೊಳಗೆ ತಿಪಟೂರಿಗೆ ಮುಟ್ಟಿಸುವುದು ಬೇರೆ ಖರ್ಚಿನ ಕೆಲಸ.

ನಮ್ಮ ಗಾಂಧಿನಗರದಲ್ಲಿ ಅಕ್ಕಪಕ್ಕದ ಎರಡು ಮನೆಯವರಿಗೆ ಒಂದು ಉಪಾಯ ಹೇಳಿಕೊಟ್ಟೆ. ಒಬ್ಬರು ರಿಟೈರ್ಡ್ ತಹಶೀಲ್ದಾರ್, ಇನ್ನೊಬ್ಬರು ಕೊಬ್ಬರಿ ವರ್ತಕರು. ಇಬ್ಬರ ರಾಜಕೀಯಕ್ಕೂ ಎಣ್ಣೆ ಸೀಗೇಕಾಯಿ. ಒಂದೊಂದು ಕಡೆಗೆ ವಾಲಿದ ಒಂದೊಂದು ಪೇಪರ್ ಹಾಕಿಸಿಕೊಳ್ಳಿ, ತಿಂಡಿ ಆದಮೇಲೆ ಕಾಂಪೌಂಡ್ ಮೇಲೆ ಅದಲುಬದಲು ಮಾಡಿಕೊಳ್ಳಿ ಅಂದೆ. ಜಗಳ ನಿಂತಿಲ್ಲ. ಆದರೆ ಈಗ "ನಿಮ್ಮ ಪೇಪರಲ್ಲೇ ಬಂದಿದೆಯಲ್ರೀ" ಅಂತ ಜಗಳ ಆಡುತ್ತಾರೆ. ಒಮ್ಮೆ ಕೊಬ್ಬರಿ ಸುದ್ದಿಯಲ್ಲಿ ಅಂಕಿ ತಪ್ಪಿದಾಗ ವರ್ತಕರು ಸಂಪಾದಕರಿಗೆ ಕಾಗದ ಬರೆದರು. ಎರಡು ಸಾಲಿನ ತಿದ್ದುಪಡಿ ಬಂತು. ಅವರ ಪಕ್ಷದ ಪೇಪರ್ ಅಲ್ಲ ಅದು. ಆದರೂ ಆಮೇಲೆ ಅದನ್ನೂ ಹಾಕಿಸಿಕೊಳ್ಳುತ್ತಿದ್ದಾರೆ.

ಈಗೀಗ ನನಗೆ ಬರುವ ಪ್ರಶ್ನೆಯೇ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಪೇಪರ್ ಕಟಿಂಗ್ ಕಳಿಸಿ "ಇದು ನಿನ್ನೆ ಬಂದಿತ್ತಾ ನೋಡಪ್ಪ" ಅಂತಾರೆ. ಪತ್ರಿಕೆಯ ಹೆಸರು ಮೇಲೆ ಅಂಟಿಸಿ ಸುಳ್ಳು ಸುದ್ದಿ ತಯಾರಿಸುವುದು ಚುನಾವಣೆ ಹೊತ್ತಿನಲ್ಲಿ ಜಾಸ್ತಿ. ಮೊದಲು ದಿನಾಂಕ ಮತ್ತು ಆವೃತ್ತಿ ಇದೆಯಾ ನೋಡುತ್ತೇನೆ. ಕಟಿಂಗ್‌ನಲ್ಲಿ ಬೇಕಂತಲೇ ಅದನ್ನು ಕತ್ತರಿಸಿರುತ್ತಾರೆ. ಆಮೇಲೆ ಅಕ್ಷರ. ಪ್ರತಿ ಪತ್ರಿಕೆಯ ಶೀರ್ಷಿಕೆಗೂ ಅದರದೇ ಅಚ್ಚು ಇರುತ್ತದೆ, ನಕಲಿ ಮಾಡುವವರು ಕಂಪ್ಯೂಟರ್‌ನಲ್ಲಿ ಸಿಕ್ಕ ಮಾಮೂಲಿ ಫಾಂಟ್ ಹಾಕಿರುತ್ತಾರೆ. ಅನುಮಾನ ಬಂದರೆ ಆ ದಿನದ ಇ-ಪೇಪರ್ ತೆಗೆಯಿರಿ. ಬೆಂಗಳೂರು ಆವೃತ್ತಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತ ತೀರ್ಮಾನ ಮಾಡಬೇಡಿ, ತುಮಕೂರು ಆವೃತ್ತಿಯ ಜಿಲ್ಲಾ ಪುಟಗಳನ್ನೂ ತಿರುವಿ ನೋಡಿ. ಅಲ್ಲೂ ಸಿಗದಿದ್ದರೆ ನನ್ನ ಅಂಗಡಿಗೆ ಬನ್ನಿ. ಮಾರಾಟವಾಗದೆ ಉಳಿದ ಹಿಂದಿನ ವಾರದ ಪ್ರತಿಗಳು ವಾಪಸ್ ಹೋಗುವ ತನಕ ಇಲ್ಲೇ ಇರುತ್ತವೆ.